ಎರಡನೇ ಶನಿವಾರದ ಗಿರಾಕಿ

ಮೊನ್ನೆ ಶನಿವಾರ ಬೆಳಿಗ್ಗೆ ಊರಿನ ಬ್ಯಾಂಕಿನಿಂದ ಮೆಸೇಜು. ಕೆವೈಸಿ, ಅಂದರೆ ನಾನು ನಾನೇ ಅನ್ನುವ ದಾಖಲೆಯ ಅವಧಿ ಮುಗಿದಿದೆ, ಖಾತೆಯಿಂದ ದುಡ್ಡು ತೆಗೆಯುವಂತಿಲ್ಲ, ಶಾಖೆಗೆ ಭೇಟಿ ಕೊಡಿ ಅಂತ. ನಾನಿರುವುದು ಶಾರ್ಜಾದಲ್ಲಿ, ಶಾಖೆ ಇರುವುದು ಪುತ್ತೂರಿನ ಹತ್ತಿರ. ಅವತ್ತು ಎರಡನೇ ಶನಿವಾರ ಬೇರೆ. 2015ರಿಂದ ಎರಡನೇ, ನಾಲ್ಕನೇ ಶನಿವಾರ ಬ್ಯಾಂಕಿಗೆ ರಜೆ. ಮೆಸೇಜು ಕಳಿಸುವ ಯಂತ್ರಕ್ಕೆ ಮಾತ್ರ ಓವರ್‌ಟೈಮು.

ದುಡ್ಡು ಒಳಗೆ ಬರಬಹುದಂತೆ, ಹೊರಗೆ ಹೋಗುವಂತಿಲ್ಲ. ಇಲಿಬೋನು ನೋಡಿದ್ದೀರಲ್ವಾ?

ಮೊದಲು ನಮಗೊಂದು ಸುಖ ಇತ್ತು. ಇಲ್ಲಿ ಶುಕ್ರವಾರ ರಜೆ, ಊರಲ್ಲಿ ಬ್ಯಾಂಕು ಓಪನ್. ಆರಾಮವಾಗಿ ಹಾಸಿಗೆಯಲ್ಲೇ ಮಲಗಿ ಮ್ಯಾನೇಜರಿಗೆ ಫೋನ್ ಹೊಡೆಯಬಹುದಿತ್ತು. 2022ರ ಜನವರಿಯಲ್ಲಿ ಯುಎಇ ಸರ್ಕಾರ ವಾರದ ರಜೆಯನ್ನು ಶನಿವಾರ, ಭಾನುವಾರಕ್ಕೆ ಸರಿಸಿತು. ಪ್ರಪಂಚದ ವ್ಯಾಪಾರದ ಜೊತೆ ಹೊಂದಿಕೊಳ್ಳಬೇಕಂತೆ. ಶಾರ್ಜಾದ ಸರ್ಕಾರಿ ನೌಕರರಿಗೆ ಶುಕ್ರವಾರವೂ ಸೇರಿ ಮೂರು ದಿನ. ನಾನು ಸರ್ಕಾರಿ ನೌಕರ ಅಲ್ಲ. ನಮ್ಮ ಕಂಪನಿಯದ್ದು ಭಾನುವಾರ ಒಂದೇ. ಈಗ ನನಗೆ ಬಿಡುವಾಗುವ ಹೊತ್ತಿಗೆ ಊರಿನ ಬ್ಯಾಂಕಿಗೂ ನಿದ್ದೆ.

ಹಾಗಂತ ಭಾನುವಾರ ದುಡ್ಡು ಕಳಿಸುವುದಕ್ಕೇನೂ ತೊಂದರೆ ಇಲ್ಲ. ಇಲ್ಲಿ ರೋಲಾದಲ್ಲಿ ಊರಿಗೆ ದುಡ್ಡು ಕಳಿಸುವ ಎಕ್ಸ್‌ಚೇಂಜಿನಲ್ಲಿ ರಾತ್ರಿಯೂ ಕ್ಯೂ. ಊರಿನ ಬ್ಯಾಂಕಿನಿಂದ ಬ್ಯಾಂಕಿಗೆ ದುಡ್ಡು ದಾಟಿಸುವ ನೆಫ್ಟ್ ಕೂಡ 2019ರ ಡಿಸೆಂಬರಿನಿಂದ ಹಗಲು ರಾತ್ರಿ ಓಡುತ್ತದೆ. ಕೊಡುವವನಿಗೆ ಬಾಗಿಲು ಸದಾ ತೆರೆದಿರುತ್ತದೆ, ದೇವಸ್ಥಾನದ ಹುಂಡಿಯ ಹಾಗೆ.

ಆ್ಯಪಿನಲ್ಲೇ ಮುಗಿಸೋಣ ಅಂದರೆ ಒಟಿಪಿ ಊರಿನ ನಂಬರಿಗೆ. ಆ ಸಿಮ್ಮು ಅಮ್ಮನ ಫೋನಿನಲ್ಲಿದೆ. ಅಮ್ಮ ಕನ್ನಡಕ ಹುಡುಕಿ ತರುವಷ್ಟರಲ್ಲಿ ಒಟಿಪಿಯ ಆಯುಷ್ಯ ಮುಗಿದಿರುತ್ತದೆ. ಈ ಸಲ ಬೇಗ ಸಿಕ್ಕಿತು. "ಮಗಾ, ಯಾರಿಗೂ ಹೇಳ್ಬೇಡಿ ಅಂತ ಬರ್ದಿದೆ. ನಿಂಗೆ ಹೇಳ್ಬಹುದಾ?" ಅಂದರು. ಹೇಳಬಹುದು ಎಂದು ಒಪ್ಪಿಸುವಷ್ಟರಲ್ಲಿ ಅದೂ ಹೋಯಿತು.

ನಾನೇನು ಬ್ಯಾಂಕು ಕಾಣದ ಊರಿನವನಲ್ಲ. 1906ರಲ್ಲಿ ಮಂಗಳೂರಲ್ಲಿ ಕೆನರಾ, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್, ಆಮೇಲೆ ಕರ್ಣಾಟಕ, ಸಿಂಡಿಕೇಟ್, ವಿಜಯಾ. ಬೇರೆ ಕಡೆ ಹಲಸು ಬೆಳೆದ ಹಾಗೆ ನಮ್ಮಲ್ಲಿ ಬ್ಯಾಂಕು ಬೆಳೆದವು. ಸಿಂಡಿಕೇಟಿನವರು 1928ರಲ್ಲಿ ಪಿಗ್ಮಿ ಅನ್ನುವ ದಿನದ ಉಳಿತಾಯ ಶುರು ಮಾಡಿದರು. ದಿನಕ್ಕೆ ಎರಡಾಣೆ ಇದ್ದರೂ ಬ್ಯಾಂಕಿನವರೇ ಮನೆಗೆ ಬರುತ್ತಿದ್ದರು. ನಾನು ಚಿಕ್ಕವನಿದ್ದಾಗ ನಮ್ಮಲ್ಲಿಗೆ ಬರುತ್ತಿದ್ದ ಪಿಗ್ಮಿಯವರು ಆಟಿ ತಿಂಗಳ ಮಳೆಗೂ ತಪ್ಪಿಸಿದವರಲ್ಲ. ಕೊಡೆ ಅಂಗಳದಲ್ಲಿ ಬಿಟ್ಟು, ಚೀಲವನ್ನು ಎದೆಗವಚಿಕೊಂಡು ಜಗಲಿಯಲ್ಲಿ ಕೂರುತ್ತಿದ್ದರು. ಅಪ್ಪ ತೋಟದಿಂದ ಬರುವವರೆಗೆ ಕಾಯುತ್ತಿದ್ದರು. ನಮ್ಮ ನಾಯಿ ಅವರಿಗೆ ಬೊಗಳುತ್ತಿರಲಿಲ್ಲ. ಅಷ್ಟು ಕೆವೈಸಿ ಸಾಕಿತ್ತು.

ಈಗ ನಾವು ದೊಡ್ಡವರಾಗಿದ್ದೇವೆ. 2024ರಲ್ಲಿ ಹೊರಗಿರುವವರು ಭಾರತಕ್ಕೆ ಕಳಿಸಿದ್ದು ಸುಮಾರು 129 ಶತಕೋಟಿ ಡಾಲರ್ ಅಂತ ವಿಶ್ವಬ್ಯಾಂಕಿನ ಅಂದಾಜು. ಜಗತ್ತಿಗೇ ನಂಬರ್ ಒನ್! ಜನವರಿ 9ಕ್ಕೆ ಪ್ರವಾಸಿ ಭಾರತೀಯ ದಿವಸ ಅಂತ ನಮ್ಮ ಹೆಸರಲ್ಲಿ ಒಂದು ದಿನವೂ ಇದೆ. ಎಂಥಾ ಗೌರವ!

ಗೌರವ ನೀವೇ ಇಟ್ಟುಕೊಳ್ಳಿ. ಖಾತೆಯಲ್ಲಿ ಸಿಕ್ಕಿಬಿದ್ದಿರುವುದು ಅಪ್ಪನ ಔಷಧಿಗೆ ಅಂತ ಇಟ್ಟ ದುಡ್ಡು. ಬ್ಯಾಂಕಿನವರು ವಾರಕ್ಕೆ ಐದೇ ದಿನ ಕೆಲಸ ಬೇಕು ಅಂತಿದ್ದಾರೆ. ಕೊಡಿ, ಅವರೂ ಮನುಷ್ಯರೇ. ನನ್ನ ಸಿಟ್ಟು ಕೌಂಟರಿನ ಹುಡುಗಿಯ ಮೇಲಲ್ಲ. ರಜೆಯ ದಿನ ಬೀಗ ಹಾಕಲು ಬರುವ ಯಂತ್ರಕ್ಕೆ ಬೀಗ ತೆಗೆಯಲು ಯಾಕೆ ಬರುವುದಿಲ್ಲ?

ಸೋಮವಾರ ಇಲ್ಲಿನ ಎಂಟೂವರೆಗೆ, ಅಂದರೆ ಅಲ್ಲಿನ ಹತ್ತಕ್ಕೆ ಸರಿಯಾಗಿ ಫೋನ್ ಮಾಡಿದೆ. ವಿಡಿಯೋ ಕೆವೈಸಿ ಇದೆಯಲ್ವಾ ಅಂತ ಕೇಳಿದೆ.

"ಉಂಟು ಸರ್. ಆದ್ರೆ ನೀವು ಇಂಡಿಯಾದಲ್ಲಿ ಇರ್ಬೇಕು."

"ಇಂಡಿಯಾದಲ್ಲಿ ಇಲ್ಲ ಅಂತಲೇ ಅಲ್ವಾ ನೀವು ನನಗೆ ಎನ್‌ಆರ್‌ಇ ಖಾತೆ ಕೊಟ್ಟದ್ದು?"

ಆಚೆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ ಪಾಪ, ತುಂಬಾ ಪ್ರೀತಿಯಿಂದಲೇ ಹೇಳಿದರು.

"ಒಂದು ಕೆಲ್ಸ ಮಾಡಿ ಸರ್. ಬರುವ ಶನಿವಾರ ಬನ್ನಿ. ಮೂರನೇದು, ಓಪನ್ ಇರ್ತದೆ. ರಶ್ಶೂ ಕಡಿಮೆ."