ಆನ್ ರಾಣಿಯ ಪ್ರಯಾಣದ ಬೆಲೆ ತೆತ್ತವರು

ಡೆನ್ಮಾರ್ಕಿನ ರಾಜಕುಮಾರಿ ಆನ್ ಸ್ಕಾಟ್ಲೆಂಡಿನ ರಾಜ ಆರನೆಯ ಜೇಮ್ಸನಿಗೆ ತಂದ 75,000 ಡೇಲರ್ (ಬೆಳ್ಳಿ ನಾಣ್ಯ) ವರದಕ್ಷಿಣೆಯನ್ನು ವಿಸ್ತಾರವಾಗಿ ಚರ್ಚಿಸಿರುವ ಲೇಖನವೊಂದನ್ನು ಓದಿದೆ; ಅದು ವಧುವಿನ ಪ್ರಯಾಣವನ್ನು ಒಂದೇ ಸಾಲಿನಲ್ಲಿ ಮುಗಿಸಿರುವುದು ದೊಡ್ಡ ಕೊರತೆ ಎಂದು ನನ್ನ ಅಭಿಪ್ರಾಯ. ಮದುವೆಯ ವೆಚ್ಚಕ್ಕೆಂದು ಸ್ಕಾಟ್ಲೆಂಡಿನಲ್ಲಿ 1,00,000 ಸ್ಕಾಟಿಷ್ ಪೌಂಡುಗಳ ತೆರಿಗೆಯನ್ನು ಮೊದಲೇ ವಿಧಿಸಲಾಗಿತ್ತು.

1589ರ ಸೆಪ್ಟೆಂಬರಿನಲ್ಲಿ ವಧುವನ್ನು ಸ್ಕಾಟ್ಲೆಂಡಿಗೆ ಕರೆದೊಯ್ಯಲು ಡೆನ್ಮಾರ್ಕಿನ ನೌಕಾಧಿಪತಿ ಪೇಡರ್ ಮುಂಕ್‌ನ ನೇತೃತ್ವದಲ್ಲಿ ಹೊರಟ ಹಡಗುಗಳು ಬಿರುಗಾಳಿಗೆ ಸಿಕ್ಕಿ, ವಧುವಿದ್ದ ಹಡಗಿಗೇ ನೀರು ನುಗ್ಗಿ, ನಾರ್ವೆಯ ಕರಾವಳಿಯಲ್ಲಿ ಆಶ್ರಯ ಪಡೆಯಬೇಕಾಯಿತು. ಅಕ್ಟೋಬರಿನಲ್ಲಿ ಜೇಮ್ಸ್ ಅವಳನ್ನು ಕರೆತರಲು ತಾನೇ ಪರಿವಾರ ಕಟ್ಟಿಕೊಂಡು ಸಮುದ್ರಕ್ಕಿಳಿದನು. ನವೆಂಬರ್ 23ರಂದು ಓಸ್ಲೋದಲ್ಲಿ ವಿವಾಹವಾಯಿತು. ಚಳಿಗಾಲದಲ್ಲಿ ಸಮುದ್ರಯಾನ ಸಾಧ್ಯವಿಲ್ಲದ್ದರಿಂದ ದಂಪತಿಗಳು ಹಿಮದ ದಾರಿಯಲ್ಲಿ ಜಾರುಬಂಡಿಗಳಲ್ಲಿ ಡೆನ್ಮಾರ್ಕಿಗೆ ಹೋದರು. ಅಷ್ಟು ದೊಡ್ಡ ಪರಿವಾರಕ್ಕೆ ತಿಂಗಳುಗಟ್ಟಲೆ ಊಟ, ವಸತಿ, ಕುದುರೆಗಳಿಗೆ ಮೇವು ಒದಗಿಸುವುದೆಂದರೆ ಸಣ್ಣ ಮಾತೇ? ದಂಪತಿಗಳು ಸ್ಕಾಟ್ಲೆಂಡಿನ ಲೀತ್ ಬಂದರನ್ನು ತಲುಪಿದ್ದು 1590ರ ಮೇ 1ರಂದು.

ನನಗೆ ಅತ್ಯಂತ ಮುಖ್ಯವೆನಿಸುವುದು ಇದರ ನಂತರದ ಲೆಕ್ಕ. ಹಡಗುಗಳನ್ನು ಸರಿಯಾಗಿ ಸಜ್ಜುಗೊಳಿಸಲಿಲ್ಲವೆಂದು ಮುಂಕ್, ಡೆನ್ಮಾರ್ಕಿನ ಖಜಾನೆಯ ಹೊಣೆ ಹೊತ್ತಿದ್ದ ಕ್ರಿಸ್ಟೊಫರ್ ವಾಲ್ಕೆಂಡೋರ್ಫ್‌ನನ್ನು ದೂಷಿಸಿದನು. ಆದರೆ ವ್ಯವಸ್ಥೆಯ ಲೋಪದ ಪ್ರಶ್ನೆ ಬೇಗನೆ ಮಾಟದ ಆರೋಪವಾಗಿ ಬದಲಾಯಿತು. ಬಿರುಗಾಳಿ ಎಬ್ಬಿಸಿದರೆಂದು ಡೆನ್ಮಾರ್ಕಿನಲ್ಲಿ ಹೆಂಗಸರನ್ನು ಸುಟ್ಟರು. ಸ್ಕಾಟ್ಲೆಂಡಿನಲ್ಲಿಯೂ ಇದೇ ಆರೋಪದ ಮೇಲೆ ನಡೆದ, ನಾರ್ತ್ ಬೆರಿಕ್ ಎಂಬ ಊರಿನ ಹೆಸರಿನ ಮಾಟಗಾತಿ ವಿಚಾರಣೆಗಳಲ್ಲಿ ಸೂಲಗಿತ್ತಿಯೂ ನಾಟಿ ವೈದ್ಯೆಯೂ ಆಗಿದ್ದ ಆಗ್ನೆಸ್ ಸ್ಯಾಂಪ್ಸನ್‌ಳನ್ನು ಜೇಮ್ಸ್ ಸ್ವತಃ ಪ್ರಶ್ನಿಸಿದನು, ಚಿತ್ರಹಿಂಸೆಯ ಬಳಿಕ 1591ರ ಜನವರಿಯಲ್ಲಿ ಆಕೆಯನ್ನು ಕೊಲ್ಲಲಾಯಿತು. ರಾಜವಧುವಿನ ಪ್ರಯಾಣದ ವೆಚ್ಚವನ್ನು ಬರೆಯುವವರು ಈ ಹೆಂಗಸರನ್ನು ಬಿಟ್ಟು ಲೆಕ್ಕ ಮುಗಿಸಬಾರದೆಂದು ಲೇಖಕರಲ್ಲಿ ನನ್ನ ವಿನಂತಿ.