ದಿನ ತುಂಬಿದ ಮಗು ಸುಮ್ಮನಾಗುತ್ತದಂತೆ!

ನಿನ್ನೆ ನಮ್ಮ ಮನೆತನದ ಸೀಮಂತವೊಂದರಲ್ಲಿ ನಾನು ಬೀಗರ ಎದುರು ನಡೆದುಕೊಂಡ ರೀತಿಯ ಬಗ್ಗೆ ಈಗಾಗಲೇ ಮೂರು ಮನೆಗಳಲ್ಲಿ ಚರ್ಚೆ ಮುಗಿದಿದೆಯೆಂದು ತಿಳಿದುಬಂದಿರುವುದರಿಂದ, ಸುದ್ದಿ ನಾಲ್ಕನೆಯ ಮನೆಯನ್ನು ಮುಟ್ಟುವ ಮೊದಲು ನಾನೇ ಬರೆದುಬಿಡುವುದು ಮೇಲು. ನನ್ನ ನಾಲಿಗೆಯ ಪರಿಚಯ ನಿಮಗೆಲ್ಲ ಇದ್ದೇ ಇದೆ. ನಾನು ವೈದ್ಯೆಯಲ್ಲ, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ಗಂಟಲು ಹರಿದುಕೊಂಡವಳು ಎಂಬುದೂ ನಿಮಗೆ ಗೊತ್ತು.

ನನ್ನ ಓರಗಿತ್ತಿಯ ಮಗಳಿಗೆ ಈಗ 34 ವಾರ. ಬೆಳಿಗ್ಗೆ ಒಂಬತ್ತರಿಂದ ಹಸಿರು ಸೀರೆಯುಟ್ಟು, ಮೊಗ್ಗಿನ ಜಡೆ ಹೊತ್ತು, ಎರಡೂ ಕೈತುಂಬ ಹಸಿರು ಬಳೆ ತೊಟ್ಟು ಕುಳಿತಿದ್ದ ಆ ಹುಡುಗಿ, ಮಡಿಲು ತುಂಬಲು ನಾನು ಬಾಗಿದಾಗ ಕಿವಿಯ ಬಳಿ, "ಚಿಕ್ಕಮ್ಮ, ನಿನ್ನೆ ರಾತ್ರಿಯಿಂದ ಇದು ಸರಿಯಾಗಿ ಮಿಸುಕುತ್ತಲೇ ಇಲ್ಲ" ಎಂದಳು. ಪಕ್ಕದಲ್ಲಿದ್ದ ಅವಳ ಅತ್ತೆಗೂ ಅದು ಕೇಳಿಸಿತು. "ದಿನ ತುಂಬುತ್ತ ಬಂದ ಹಾಗೆ ಒಳಗೆ ಜಾಗ ಸಾಲುವುದಿಲ್ಲ, ಮಗು ಸುಮ್ಮನಾಗುತ್ತದೆ. ನಾವೇನು ಹೆತ್ತಿಲ್ಲವೇನಮ್ಮ?" ಎಂದು ಅವರು ನಕ್ಕರು. ಮತ್ತೊಬ್ಬರು ಗಂಡು ಮಗುವೇ ಇರಬೇಕು, ಅದಕ್ಕೇ ಈ ಸೋಮಾರಿತನ ಎಂದು ಭವಿಷ್ಯ ನುಡಿದರು. ಕುಡಿದರೆ ಮಗು ಮಿಸುಕುತ್ತದೆಂದು ಇನ್ನೊಬ್ಬರು ತಣ್ಣನೆಯ ಬಾದಾಮಿ ಹಾಲು ತರಿಸಿದರು. ಫೋಟೊ ತೆಗೆಯುವವನು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಗುವಂತೆ ಹೇಳಿದ, ಅವಳು ನಕ್ಕಳು. ಆ ನಗುವನ್ನು ನೋಡಿದ ಮೇಲೆಯೇ ನನ್ನ ತಾಳ್ಮೆ ಕೆಟ್ಟದ್ದು.

ದಿನ ತುಂಬಿದ ಮಗು ಸುಮ್ಮನಾಗುತ್ತದೆ ಎಂಬ ಮಾತು ತಪ್ಪು. ಎಷ್ಟು ಅಜ್ಜಿಯರು ಹೇಳಿದರೂ ತಪ್ಪು, ಐದು ಹೆತ್ತವರು ಹೇಳಿದರೂ ತಪ್ಪು. ಮಗುವಿನ ಮಿಸುಕಾಟ ತಾಯಿಗೆ ಸಾಮಾನ್ಯವಾಗಿ 16ರಿಂದ 24ನೆಯ ವಾರದೊಳಗೆ ತಿಳಿಯತೊಡಗುತ್ತದೆ. ಚೊಚ್ಚಲ ಬಸುರಿಯಾದರೆ 20 ವಾರ ದಾಟಿದರೂ ಆಶ್ಚರ್ಯವಿಲ್ಲ, ಮಾಸು (ಪ್ಲಾಸೆಂಟಾ) ಗರ್ಭಕೋಶದ ಮುಂಭಾಗಕ್ಕೆ ಅಂಟಿಕೊಂಡಿದ್ದರೆ ಒದೆತ ಮಂದವಾಗಿ ಗೊತ್ತಾಗುತ್ತದೆ, ಆದರೆ 24 ವಾರ ಕಳೆದರೂ ಏನೂ ತಿಳಿಯದಿದ್ದರೆ ವೈದ್ಯರಿಗೆ ತೋರಿಸಲೇಬೇಕು. ಅಲ್ಲಿಂದ ಮುಂದೆ 32ನೆಯ ವಾರದವರೆಗೆ ಮಿಸುಕಾಟ ಹೆಚ್ಚುತ್ತ ಹೋಗಿ, ಆಮೇಲೆ ಹೆರಿಗೆಯವರೆಗೂ ಹೆಚ್ಚುಕಡಿಮೆ ಅದೇ ಮಟ್ಟದಲ್ಲಿ ಉಳಿಯುತ್ತದೆ. ಜಾಗ ಕಡಿಮೆಯಾದಾಗ ಬದಲಾಗುವುದು ಚಲನೆಯ ಬಗೆ ಮಾತ್ರ: ಮೊದಲು ಚುರುಕಾಗಿ ಒದೆಯುತ್ತಿದ್ದ ಮಗು ಈಗ ಹೊರಳಬಹುದು, ಮೊಣಕೈಯಿಂದ ತಳ್ಳಬಹುದು, ಪಕ್ಕೆಯ ಕೆಳಗೆ ಒತ್ತಿ ನಿಲ್ಲಬಹುದು. ನೋವು ಶುರುವಾಗುವವರೆಗೂ, ಶುರುವಾದ ಮೇಲೂ ಅದು ಮಿಸುಕುತ್ತಲೇ ಇರಬೇಕು. ನಡುವೆ ನಿದ್ದೆ ಮಾಡುತ್ತದೆ, ನಿಜ. ಆ ನಿದ್ದೆ ಸಾಮಾನ್ಯವಾಗಿ 20ರಿಂದ 40 ನಿಮಿಷದ್ದು, ಆರೋಗ್ಯವಂತ ಮಗು 90 ನಿಮಿಷ ಮೀರಿ ಮಲಗುವುದು ಅಪರೂಪ. ಹಿಂದಿನ ರಾತ್ರಿಯಿಂದ ಮರುದಿನ ಮಧ್ಯಾಹ್ನದವರೆಗೆ ನಿದ್ದೆ ಹೋಗಲು ಅದೇನು ಕುಂಭಕರ್ಣನೇ?

ಮಾಸಿನ ಮೂಲಕ ಬರುವ ಆಮ್ಲಜನಕ ಕಡಿಮೆಯಾದಾಗ ಮಗು ಕೈಕಾಲು ಆಡಿಸುವ ಖರ್ಚನ್ನು ಉಳಿಸಿ, ಇದ್ದದ್ದನ್ನು ಮಿದುಳಿಗೂ ಹೃದಯಕ್ಕೂ ಕೊಡುತ್ತದೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಮಗುವಿನ ಬೆಳವಣಿಗೆ ಕುಂಠಿತವಾಗಿರುವುದು, ಗರ್ಭದ ನೀರು ಬತ್ತುವುದು, ಇವುಗಳಲ್ಲಿ ಯಾವುದೇ ಇದ್ದರೂ ಹೊರಗೆ ಮೊದಲು ಕಾಣುವ ಚಿಹ್ನೆ ಅದೇ ಮೌನವಾಗಿರಬಹುದು. ಗರ್ಭದಲ್ಲೇ ಮಗುವನ್ನು ಕಳೆದುಕೊಂಡ ತಾಯಂದಿರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ, ಅದಕ್ಕೆ ಮೊದಲು ಮಿಸುಕಾಟ ಕಡಿಮೆಯಾದದ್ದನ್ನು ಗಮನಿಸಿದ್ದರೆಂದು ಬ್ರಿಟನ್ನಿನ ಪ್ರಸೂತಿ ತಜ್ಞರ ಕಾಲೇಜಿನ ಮಾರ್ಗಸೂಚಿಯೇ ಹೇಳುತ್ತದೆ. ಅಂದರೆ ಅವರಿಗೆ ಗೊತ್ತಾಗಿತ್ತು. ಅವರಲ್ಲಿ ಎಷ್ಟು ಜನರಿಗೆ ಪಕ್ಕದಲ್ಲಿ ಕುಳಿತವರೊಬ್ಬರು "ಜಾಗ ಸಾಲುವುದಿಲ್ಲ" ಎಂದು ಹೇಳಿರಬಹುದು ಎಂಬುದೇ ನನ್ನನ್ನು ನಿನ್ನೆಯಿಂದ ಕಾಡುತ್ತಿದೆ.

ಊಟದ ಎಲೆ ಹಾಕುವ ಹೊತ್ತಿಗೆ ನಾನು ಅವಳನ್ನು ಎಬ್ಬಿಸಿ ಕಾರಿನಲ್ಲಿ ಕೂರಿಸಿದೆ. ಆರತಿ ಆಗದೆ ಬಸುರಿ ಹೊಸಿಲು ದಾಟಬಾರದೆಂದರು. ಆರತಿ ಎಲ್ಲಿಗೂ ಹೋಗುವುದಿಲ್ಲ ಎಂದೆ. (ಈ ಮಾತೇ ಈಗ ಮೂರು ಮನೆಗಳಲ್ಲಿ ಓಡಾಡುತ್ತಿರುವುದು.) ಆಸ್ಪತ್ರೆಯಲ್ಲಿ ಎಡಮಗ್ಗುಲಾಗಿ ಮಲಗಿಸಿ, ಹೊಟ್ಟೆಗೆ ಎರಡು ಪಟ್ಟಿ ಬಿಗಿದು, ಮಗು ಅಲುಗಿದಾಗಲೆಲ್ಲ ಒತ್ತಬೇಕೆಂದು ಅವಳ ಕೈಗೆ ಒಂದು ಗುಂಡಿ ಕೊಟ್ಟರು. ಎನ್‌ಎಸ್‌ಟಿ ಎನ್ನುತ್ತಾರಲ್ಲ, ಅದು: ಮಗುವಿನ ಎದೆಬಡಿತವನ್ನು ಕಾಗದದ ಮೇಲೆ ಗೆರೆಯಾಗಿ ದಾಖಲಿಸುವ ಪರೀಕ್ಷೆ. ಯಂತ್ರದಿಂದ ಕಾಗದ ನಿಧಾನವಾಗಿ ಹೊರಬರುತ್ತಿತ್ತು. ಮೊದಲ ಎಂಟು ನಿಮಿಷ ಅವಳ ಕೈ ಅಲುಗಲಿಲ್ಲ. ನಾನು ಗೋಡೆಯ ಗಡಿಯಾರವನ್ನು ನೋಡುವುದನ್ನು ಬಿಟ್ಟು ಅವಳ ಹೆಬ್ಬೆರಳನ್ನೇ ನೋಡುತ್ತ ನಿಂತಿದ್ದೆ. ಆಮೇಲೆ ಬಳೆಗಳು ಒಮ್ಮೆ ಘಲ್ಲೆಂದವು. ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ, ಮತ್ತೆ ಬೆನ್ನುಬೆನ್ನಿಗೆ ಎರಡು ಸಲ. ಪ್ರತಿ ಸಲವೂ ಕಾಗದದ ಗೆರೆ ನಿಮಿಷಕ್ಕೆ 140 ಬಡಿತದ ಆಸುಪಾಸಿನಿಂದ ಮೇಲಕ್ಕೇರಿ ಇಳಿಯುತ್ತಿತ್ತು. ಮಗು ಮಿಸುಕಿದಾಗ ಅದರ ಎದೆಬಡಿತ ಹಾಗೆ ಏರಿದರೆ ಒಳ್ಳೆಯ ಲಕ್ಷಣ. ಸ್ಕ್ಯಾನಿನಲ್ಲಿ ನೀರು ಸಾಕಷ್ಟಿತ್ತು, ಬೆಳವಣಿಗೆ ಸರಿಯಿತ್ತು. ಕಡಿಮೆಯೆನಿಸಿದರೆ ಮತ್ತೆ ಬನ್ನಿ, ಹತ್ತು ಸಲವಾದರೂ ಪರವಾಗಿಲ್ಲ ಎಂದು ವೈದ್ಯೆ ಹೇಳಿ ಕಳುಹಿಸಿದರು.

ಇಲ್ಲಿಗೆ ಕಥೆ ಸುಖಾಂತ್ಯವಾಗಬೇಕಿತ್ತು. ಮರಳಿ ಬಂದಾಗ ನಮಗೆ ಸಿಕ್ಕ ಸ್ವಾಗತ, "ನೋಡಿದಿರಾ, ಏನೂ ಇರಲಿಲ್ಲ, ಸುಮ್ಮನೆ ಗಲಾಟೆ" ಎಂಬುದು. ಮಿಸುಕಾಟ ಒಮ್ಮೆ ಕಡಿಮೆಯಾಯಿತೆಂದು ತಪಾಸಣೆಗೆ ಹೋದ 100ರಲ್ಲಿ ಸುಮಾರು 70 ಬಸುರಿಯರಿಗೆ ಮುಂದೆ ಯಾವ ತೊಂದರೆಯೂ ಆಗುವುದಿಲ್ಲ. ಉಳಿದ 30ರಲ್ಲಿ ತಾವಿದ್ದೇವೆಯೇ ಎಂಬುದು ಬಾದಾಮಿ ಹಾಲು ಕುಡಿದರೆ ತಿಳಿಯುವ ವಿಷಯವಲ್ಲ. ಆ ಹಾಲಿನಿಂದ ಆಗುವ ಅನಾಹುತವೇನೆಂದರೆ, ಮಗು ಒಂದು ಸಲ ಮಿಸುಕಿದ ಹಾಗೆ ಅನಿಸಿದರೆ ಸಾಕು, ಮನೆಯವರೆಲ್ಲ ಪ್ರಕರಣವನ್ನು ಮುಚ್ಚಿಬಿಡುತ್ತಾರೆ. ಆನ್‌ಲೈನಿನಲ್ಲಿ ತರಿಸಿ ಹೊಟ್ಟೆಯ ಮೇಲೆ ಇಟ್ಟುಕೊಳ್ಳುವ ಎದೆಬಡಿತದ ಯಂತ್ರವೂ ಇದೇ ಜಾತಿಯದು. ಅದರಲ್ಲಿ ಕೇಳುವುದು ತಾಯಿಯದೇ ನಾಡಿಯಾಗಿರಬಹುದು, ಮಗುವಿನದೇ ಆದರೂ ಬಡಿತ ಇದೆಯೆಂದ ಮಾತ್ರಕ್ಕೆ ಮಗು ಕ್ಷೇಮವೆಂದು ಅರ್ಥವಲ್ಲ.

ಎಣಿಕೆಯ ವಿಷಯ ಕೇಳುತ್ತೀರೆಂದು ಗೊತ್ತು. ನಮ್ಮಲ್ಲಿ ಅನೇಕ ವೈದ್ಯರು ತಿಂಡಿ, ಮಧ್ಯಾಹ್ನದ ಊಟ, ರಾತ್ರಿಯೂಟ ಆದಮೇಲೆ ಒಂದೊಂದು ಗಂಟೆ ಮಲಗಿ ಎಣಿಸಲು ಹೇಳುತ್ತಾರೆ, ಗಂಟೆಗೆ ಮೂರಾದರೂ ಇರಬೇಕೆನ್ನುತ್ತಾರೆ. ಎರಡು ಗಂಟೆಯಲ್ಲಿ ಹತ್ತು ಎಂಬುದು ಇನ್ನೊಂದು ಲೆಕ್ಕ. ಎಲ್ಲ ಮಕ್ಕಳಿಗೂ ಒಪ್ಪುವ ಒಂದೇ ಸಂಖ್ಯೆಯಿಲ್ಲ, ತನ್ನ ಮಗುವಿನ ವಾಡಿಕೆ ಬದಲಾಯಿತೇ ಎಂಬುದನ್ನು ನೋಡಿ ಎನ್ನುವುದು ಬ್ರಿಟನ್ನಿನ ಪದ್ಧತಿ, ನನಗೆ ಒಪ್ಪಿಗೆಯಾಗುವುದೂ ಅದೇ. 28 ವಾರ ದಾಟಿದ ಮೇಲೆ ಅನುಮಾನ ಬಂದರೆ ಕೆಲಸ ಬಿಟ್ಟು ಎಡಮಗ್ಗುಲಾಗಿ ಮಲಗಿ ಹೆಚ್ಚೆಂದರೆ ಎರಡು ಗಂಟೆ ಗಮನಿಸಬೇಕು, ಆಗಲೂ ಕಡಿಮೆಯೆನಿಸಿದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಪೂರ್ತಿ ನಿಂತೇಹೋಗಿದ್ದರೆ ಆ ಎರಡು ಗಂಟೆಯನ್ನೂ ಕಾಯಬಾರದು, ಜೊತೆಗೆ ರಕ್ತ ಹೋಗುತ್ತಿದ್ದರೆ, ನೀರು ಒಡೆದಿದ್ದರೆ, ಸಹಿಸಲಾಗದ ತಲೆನೋವಿದ್ದರೆ 108ಕ್ಕೆ ಕರೆ ಮಾಡಿ ಹೊರಡಬೇಕು. ನಾಳೆ ಬೆಳಿಗ್ಗೆ ನೋಡೋಣ ಎಂಬ ಮಾತಿಗೆ ಇಲ್ಲಿ ಜಾಗವಿಲ್ಲ.

ಆ ಮಾತಿನ ಬೆಲೆ ನನಗೆ ಗೊತ್ತು, ಏಕೆಂದರೆ ಅದನ್ನು ಆಡಿದವಳು ನಾನೇ. 2008ರಲ್ಲಿ ನನ್ನ ತಂಗಿಗೆ ಒಂಬತ್ತು ತಿಂಗಳಾಗಿದ್ದಾಗ, ಒಂದು ರಾತ್ರಿ ಅವಳು ಫೋನ್ ಮಾಡಿ, "ಅಕ್ಕ, ಮಗು ಯಾಕೋ ಸುಮ್ಮನಾಗಿದೆ" ಎಂದಳು. ಎರಡು ಹೆತ್ತ ಅಧಿಕಾರದಲ್ಲಿ ನಾನು, "ದಿನ ತುಂಬಿತಲ್ಲ ಕಣೇ, ಜಾಗ ಎಲ್ಲಿದೆ, ಮಲಗು, ಬೆಳಿಗ್ಗೆ ನೋಡೋಣ" ಎಂದು ಹೇಳಿ ಫೋನಿಟ್ಟು ನಿದ್ದೆ ಮಾಡಿದೆ. ಅವಳು ನಿದ್ದೆ ಮಾಡಲಿಲ್ಲ. ಬೆಳಿಗ್ಗೆ ಆಸ್ಪತ್ರೆಗೆ ಹೋದಾಗ ಮಗುವಿನ ಎದೆಬಡಿತ ಇಳಿಯುತ್ತಿತ್ತು. ಅರ್ಧ ಗಂಟೆಯೊಳಗೆ ಶಸ್ತ್ರಚಿಕಿತ್ಸೆ ಮಾಡಿ ತೆಗೆದರು, ಆರು ದಿನ ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಉಳಿದ. ಈಗ ನನಗಿಂತ ಎತ್ತರವಾಗಿದ್ದಾನೆ, ದೊಡ್ಡಮ್ಮನ ಮನೆಗೆ ಬಂದರೆ ಹೋಳಿಗೆಯ ಲೆಕ್ಕವಿಡುವುದಿಲ್ಲ. ತಂಗಿ ಇವತ್ತಿನವರೆಗೂ ಆ ಫೋನಿನ ಮಾತನ್ನು ಎತ್ತಿಲ್ಲ. ನಾನೂ ಎತ್ತಿರಲಿಲ್ಲ, ಇದನ್ನು ಅವಳು ಓದುತ್ತಾಳೆ.

ಹೀಗೆ ಹೆದರಿಸಿದರೆ ಬಸುರಿಯರೆಲ್ಲ ಆಸ್ಪತ್ರೆಗೆ ಓಡುತ್ತಾರೆ, ಆಸ್ಪತ್ರೆಯವರು ಕತ್ತರಿ ಹಿಡಿದು ಕಾದಿರುತ್ತಾರೆ ಎನ್ನುವವರಿದ್ದಾರೆ. ಅವರ ಕೈಗೆ ಒಂದು ಆಧಾರವನ್ನೂ ನಾನೇ ಕೊಡುತ್ತೇನೆ: ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಗರ್ಭಿಣಿಯರನ್ನು ಒಳಗೊಂಡು, 2018ರಲ್ಲಿ ಪ್ರಕಟವಾದ 'ಅಫರ್ಮ್' ಅಧ್ಯಯನದಲ್ಲಿ, ಮಿಸುಕಾಟದ ಬಗ್ಗೆ ಜಾಗೃತಿ ಮೂಡಿಸಿ, ಕಡಿಮೆಯಾದಾಗ ಇಂತಿಷ್ಟು ಪರೀಕ್ಷೆ ಮಾಡಬೇಕೆಂದು ನಿಗದಿಪಡಿಸಿದ ಕ್ರಮದಿಂದ ಗರ್ಭದಲ್ಲಿನ ಸಾವುಗಳು ಖಚಿತವಾಗಿ ಇಳಿದವೆಂದು ತೋರಿಸಲಾಗಲಿಲ್ಲ, ನೋವು ಬರಿಸುವುದೂ ಸಿಸೇರಿಯನ್ನೂ ಹೆಚ್ಚಿದವು. ಸರಿ. ಅದು ಆಸ್ಪತ್ರೆಗೆ ಬಂದ ಮೇಲೆ ವೈದ್ಯರು ಏನು ಮಾಡಬೇಕೆಂಬ ವಾದ, ಅದನ್ನು ಅವರು ಬಗೆಹರಿಸಿಕೊಳ್ಳಲಿ. ಬಂದ ಹುಡುಗಿಯನ್ನು ಬಾಗಿಲಲ್ಲೇ ತಡೆದು ಬಾದಾಮಿ ಹಾಲು ಕುಡಿಸಬೇಕೆಂದು ಅದರಲ್ಲಿ ಎಲ್ಲಿಯೂ ಬರೆದಿಲ್ಲ.

ನಿನ್ನೆ ಸಂಜೆ ಆ ಹುಡುಗಿಯ 'ತಾಯಿ ಕಾರ್ಡ್', ಅಂದರೆ ಬಸುರಿಯ ತಪಾಸಣೆಗಳನ್ನು ಬರೆದಿಡುವ ಪುಸ್ತಿಕೆಯನ್ನು, ಈಸಿಕೊಂಡು ನೋಡಿದೆ. ತಪಾಸಣೆಯ ಪುಟದಲ್ಲಿ ಮಗುವಿನ ಚಲನೆಗೆಂದೇ ಒಂದು ಅಂಕಣವಿದೆ. ಮೂರು ಭೇಟಿಗಳ ಎದುರೂ ಒಂದೇ ಶಾಯಿಯಲ್ಲಿ, ಒಂದೇ ಕೈಬರಹದಲ್ಲಿ "ಸಾಮಾನ್ಯ" ಎಂದು ಬರೆದಿತ್ತು. ನಿನ್ನನ್ನು ಕೇಳಿ ಬರೆದರೇ ಎಂದೆ. ತೂಕ ಕೇಳಿದರು, ಮಾತ್ರೆ ಮುಗಿದಿದೆಯೇ ಎಂದು ಕೇಳಿದರು, ಇದನ್ನು ಯಾರೂ ಕೇಳಲಿಲ್ಲ ಚಿಕ್ಕಮ್ಮ ಎಂದಳು.

ಬರುವ ತಿಂಗಳು ನಮ್ಮ ಬಳಗದಲ್ಲಿ ಇನ್ನೊಂದು ಸೀಮಂತವಿದೆ. ನನ್ನನ್ನು ಕರೆಯಬೇಕೋ ಬೇಡವೋ ಎಂಬ ಮಾತುಕತೆ ನಡೆಯುತ್ತಿದೆಯಂತೆ. ಕರೆದರೆ ಹೋಗುತ್ತೇನೆ, ಮಡಿಲು ತುಂಬುವಾಗ ಆ ಹುಡುಗಿಯ ಕಿವಿಯಲ್ಲಿ ಮಗು ಹೇಗೆ ಮಿಸುಕುತ್ತಿದೆಯೆಂದು ಕೇಳುತ್ತೇನೆ, ಕಾರನ್ನು ಗೇಟಿನ ಹೊರಗೇ ನಿಲ್ಲಿಸಿರುತ್ತೇನೆ.