ಗುರುತು ಗೊತ್ತು, ಮಾತಿಲ್ಲ

ಲಿನಕ್ಸ್‌ನ ತಿರುಳಾದ ಕರ್ನಲ್ ಅಪ್‌ಡೇಟ್ ಆಯಿತು, ವೈಫೈ ಹೋಯಿತು. ಈ ಕಥೆ ನಿಮಗೂ ಗೊತ್ತು, ಮತ್ತೆ ಹೇಳಿ ಬೋರ್ ಹೊಡೆಸಲ್ಲ.

ನನಗೆ ಮೆಚ್ಚುಗೆಯಾಗಿದ್ದು ಲಿನಕ್ಸ್‌ನ ಸಾಮಾನ್ಯ ಜ್ಞಾನ. ಜೋಡಿಸಿರುವ ಸಾಧನಗಳ ಪಟ್ಟಿ ಕೇಳಲು ಎಲ್‌ಎಸ್‌ಪಿಸಿಐ ಅಂತ ಟೈಪ್ ಮಾಡಿದೆ. ವೈಫೈ ಕಾರ್ಡ್ ಯಾವ ಕಂಪನಿಯದು, ಯಾವ ಮಾಡೆಲ್, ಎಷ್ಟನೇ ರಿವಿಷನ್, ಎಲ್ಲವನ್ನೂ ಮಗ್ಗಿಯಂತೆ ಒಪ್ಪಿಸಿತು. ಆದರೆ ಬಳಸಲ್ಲ. ಹೆಸರು, ಕುಲ ಎಲ್ಲ ಗೊತ್ತಿದ್ದೂ ಎದುರಾದಾಗ ಮುಖ ತಿರುಗಿಸುವ ನೆಂಟರು ಇರ್ತಾರಲ್ಲ, ಹಾಗೆ.

ಈ ಗುರುತಿನ ನಂಬರುಗಳೇ ಒಂದು ಮಜಾ. ಕಾರ್ಡುಗಳನ್ನು ಕಂಪ್ಯೂಟರಿಗೆ ಜೋಡಿಸುವ ಪಿಸಿಐ ವ್ಯವಸ್ಥೆಯ ಲೆಕ್ಕದಲ್ಲಿ ಇಂಟೆಲ್‌ನ ನಂಬರ್ 8086. 1978ರ ಅವರ ಚಿಪ್ಪಿನ ಹೆಸರೂ ಅದೇ. ಇವತ್ತಿನ ಹೊಚ್ಚ ಹೊಸ ಕಾರ್ಡ್ ಕೂಡ ಅಜ್ಜನ ಹೆಸರು ಹೇಳಿಕೊಂಡೇ ಒಳಗೆ ಬರುತ್ತದೆ. ನನ್ನ ಕಾರ್ಡಿಗೆ ಅಂಥ ವಂಶ ಇಲ್ಲ, ಬಿಡಿ.

ಕರ್ನಲ್ ಬರೆದಿಡುವ ದಿನಚರಿ, ಡಿಮೆಸೇಜ್ ನೋಡಿದೆ. ಫರ್ಮ್‌ವೇರ್, ಅಂದರೆ ಕಾರ್ಡಿನೊಳಗೆ ಓಡುವ ಸಾಫ್ಟ್‌ವೇರ್, ಲೋಡ್ ಆಗಲಿಲ್ಲ, ಎರರ್ ಮೈನಸ್ 2. 'ಫೈಲ್ ಸಿಗಲಿಲ್ಲ' ಅನ್ನುವುದಕ್ಕೆ ಇಷ್ಟು ಚೊಕ್ಕ ಭಾಷೆ! ಕಾರ್ಡನ್ನು ನಡೆಸುವ ಡ್ರೈವರ್ ಹೊಸದು, ಅದಕ್ಕೆ ಹೊಸ ಫರ್ಮ್‌ವೇರೇ ಬೇಕಂತೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ. ಪರಿಹಾರ ಏನು ಅಂದರೆ, ಡೌನ್‌ಲೋಡ್ ಮಾಡಿಕೊಳ್ಳಿ. ಯಾವುದರಿಂದ, ಇಲ್ಲದ ವೈಫೈಯಿಂದಲಾ?

ಬೇರೆ ಕಂಪ್ಯೂಟರಿನಿಂದ ಪೆನ್‌ಡ್ರೈವಿನಲ್ಲಿ ಫೈಲ್ ತಂದೆ. ಅಷ್ಟರಲ್ಲಿ ಬಲ್ಲವರೊಬ್ಬರು, 'ಡ್ರೈವರನ್ನು ಬೇರೆ ಫೈಲಾಗಿ ಇಡುವ ಮಾಡ್ಯೂಲ್ ಸಹವಾಸವೇ ಬೇಡ, ಡ್ರೈವರನ್ನು ಕರ್ನಲ್ ಒಳಗೇ ಸೇರಿಸಿಬಿಡಿ' ಅಂದರು. ಎಂಥ ಸ್ವಾತಂತ್ರ್ಯ ನೋಡಿ. ಕರ್ನಲನ್ನು ನಾವೇ ಕಟ್ಟಿಕೊಳ್ಳಲು ಸಾವಿರಾರು ಪ್ರಶ್ನೆ, ಒಂದೊಂದಕ್ಕೂ ವೈ, ಎಮ್, ಎನ್. ವೈ ಅಂದರೆ ಒಳಗೇ, ಎಮ್ ಅಂದರೆ ಬೇಕಾದಾಗ ಕರೆಸಿಕೊಳ್ಳುವುದು, ಎನ್ ಅಂದರೆ ಬೇಡ. ವೈಫೈಗೆ ವೈ ಒತ್ತಿದೆ. ಬೂಟ್ ಮಾಡಿದೆ. ಮತ್ತೆ ಮೈನಸ್ 2! ಫೈಲ್ ಡಿಸ್ಕಿನಲ್ಲಿ ಕೂತಿದೆ. ಆದರೆ ಒಳಗಿರುವ ಡ್ರೈವರ್ ಡಿಸ್ಕ್ ಮೌಂಟ್ ಆಗುವ, ಅಂದರೆ ಬಳಕೆಗೆ ತೆರೆದುಕೊಳ್ಳುವ, ಮೊದಲೇ ಎದ್ದು ಫೈಲ್ ಹುಡುಕುತ್ತದೆ. ಹಾಗಾಗಿ ಫರ್ಮ್‌ವೇರನ್ನೂ ಕರ್ನಲ್ ಒಳಗೆ ತುಂಬಬೇಕಂತೆ.

ಅದನ್ನು ತುಂಬುವ ಗಡಿಬಿಡಿಯಲ್ಲಿ ಡಿಸ್ಕಿನ ಡ್ರೈವರಿಗೆ ಎಮ್ ಒತ್ತಿದ್ದೆ, ಡಿಸ್ಕ್ ತೆರೆಯುವ ಮೊದಲು ಬೇಕಾಗುವ ಫೈಲುಗಳ ಬುತ್ತಿ, ಇನಿಟ್‌ರಾಮ್‌ಎಫ್‌ಎಸ್, ಮಾಡಲು ಮರೆತಿದ್ದೆ. ಡಿಸ್ಕ್ ಓದಲು ಮಾಡ್ಯೂಲ್ ಬೇಕು, ಮಾಡ್ಯೂಲ್ ಇರುವುದು ಡಿಸ್ಕಿನಲ್ಲಿ. ಬೀಗ ಹಾಕಿದ ಮನೆಯೊಳಗೇ ಕೀಲಿ. ಕರ್ನಲ್ ಪ್ಯಾನಿಕ್ ಆಯಿತು, ಅಂದರೆ ಮುಂದೆ ಹೋಗಲಾರದೆ ನಿಂತೇಬಿಟ್ಟಿತು. ಪಾಪ, ಅದಾದರೂ ಪ್ಯಾನಿಕ್ ಆಗಬಹುದು. ನಾನು ಸಮಾಧಾನವಾಗಿ ಮ್ಯಾನ್ಯುಯಲ್ ಓದಬೇಕು.

ನಿಜ ಹೇಳಬೇಕಾ? ಸಾಕಾಗಿದೆ. ಎಷ್ಟೋ ಹಾರ್ಡ್‌ವೇರ್ ಕಂಪನಿಗಳು ತಮ್ಮ ಸಾಧನ ಹೇಗೆ ಕೆಲಸ ಮಾಡುತ್ತದೆ ಅನ್ನುವ ದಾಖಲೆ ಬಿಟ್ಟುಕೊಡಲ್ಲ. ಕರ್ನಲ್ಲಿನವರು ಡ್ರೈವರುಗಳು ಬಳಸುವ ಒಳಗಿನ ಇಂಟರ್‌ಫೇಸ್ ಬದಲಾಗದಂತೆ ಇಡುತ್ತೇವೆ ಅಂತ ಮಾತು ಕೊಡಲ್ಲ. ಇಬ್ಬರ ಬಳಿಯೂ ಒಳ್ಳೆಯ ಕಾರಣಗಳಿವೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು. ಆ ಕೂಸಿಗೆ ಒಂದು ಮೇಲ್ ಕಳಿಸಬೇಕಿತ್ತು, ಅಷ್ಟೇ. ಅದಕ್ಕೆ ಎರಡು ದಿನ ಕರ್ನಲ್ ಕಂಪೈಲ್ ಮಾಡಬೇಕಾಗಿ ಬಂದರೆ ತಪ್ಪು ಕೂಸಿನದಲ್ಲ.

ಕೊನೆಗೆ ಎಲ್ಲ ಮೊದಲಿದ್ದ ಹಾಗೆ ಎಮ್‌ಗೆ ವಾಪಸ್ ತಂದೆ. ವೈಫೈ ಬಂತು. ಈಗ ಟಚ್‌ಪ್ಯಾಡ್ ಸತ್ತಿದೆ. ಎರರ್ ಮೈನಸ್ 19, ಅಂದರೆ ಅಂಥ ಸಾಧನವೇ ಇಲ್ಲವಂತೆ. ನನ್ನ ಬೆರಳು ಅದರ ಮೇಲೇ ಇದೆ.